ಪೈಥಾನ್ ಸ್ಕ್ರಿಪ್ಟ್‌ಗೆ ಹೆಸರಿರುವ ಆಪ್ಷನ್‌ಗಳು: ಆರ್ಗ್‌ಪಾರ್ಸ್ ಬಳಸುವ ಬಗೆ

ಪೈಥಾನ್ ಕಲಿತು ಒಂದೆರಡು ಸ್ಕ್ರಿಪ್ಟ್ ಬರೆದವರು ಪದೇ ಪದೇ ಕೇಳುವ ಪ್ರಶ್ನೆ ಇದು: "ಸ್ಕ್ರಿಪ್ಟ್ ಓಡಿಸುವಾಗ ನಾಲ್ಕೈದು ಮೌಲ್ಯ ಕೊಡಬೇಕು. ಯಾವುದು ಮೊದಲು, ಯಾವುದು ಆಮೇಲೆ ಅಂತ ಬರೆದ ನನಗೇ ನೆನಪಿರಲ್ಲ. ಬೇರೆ ಪ್ರೋಗ್ರಾಂಗಳ ಹಾಗೆ ಹೆಸರು ಹಾಕಿ ಕೊಡೋಕೆ ಆಗಲ್ವಾ?" ಆಗುತ್ತದೆ. ಅದಕ್ಕಾಗಿ ಹೊರಗಿನಿಂದ ಏನನ್ನೂ ಇನ್‌ಸ್ಟಾಲ್ ಮಾಡಬೇಕಾಗಿಲ್ಲ.

ಒಂದು ಫೋಲ್ಡರ್‌ನಲ್ಲಿರುವ ಚಿತ್ರಗಳನ್ನೆಲ್ಲ ಚಿಕ್ಕದು ಮಾಡುವ ಸ್ಕ್ರಿಪ್ಟ್ ನಿಮ್ಮ ಬಳಿ ಇದೆ ಎಂದುಕೊಳ್ಳಿ. ಅದನ್ನು ಹೀಗೆ ಓಡಿಸುತ್ತಿದ್ದೀರಿ:

ಪೈಥಾನ್ ಶ್ರಿಂಕ್.ಪಿವೈ ಫೋಟೋಸ್ 800 85 ಸ್ಮಾಲ್

ನಮಗೆ ಬೇಕಾಗಿರುವುದು ಹೀಗೆ:

ಪೈಥಾನ್ ಶ್ರಿಂಕ್.ಪಿವೈ ಫೋಟೋಸ್ --ವಿಡ್ತ್ 800 --ಕ್ವಾಲಿಟಿ 85 --ಔಟ್‌ಪುಟ್ ಸ್ಮಾಲ್

ಮೊದಲ ಸಾಲಿನಲ್ಲಿ 800 ಮತ್ತು 85 ಅದಲುಬದಲಾದರೆ ಸ್ಕ್ರಿಪ್ಟ್ ತುಟಿಪಿಟಿಕ್ಕೆನ್ನದೆ 85 ಪಿಕ್ಸೆಲ್ ಅಗಲದ ಚಿತ್ರಗಳನ್ನು ಮಾಡಲು ಹೊರಡುತ್ತದೆ. ಎರಡನೆಯದರಲ್ಲಿ ಯಾವ ಜೋಡಿಯನ್ನು ಎಲ್ಲಿ ಬರೆದರೂ ಅರ್ಥ ಬದಲಾಗುವುದಿಲ್ಲ. ಆರು ತಿಂಗಳು ಬಿಟ್ಟು ನೋಡಿದರೂ ಏನು ಮಾಡಿದ್ದೆವು ಎಂದು ಗೊತ್ತಾಗುತ್ತದೆ.

ಮುಂದೆ ಓದುವ ಮೊದಲು ಒಂದು ಸೂಚನೆ. ಇಲ್ಲಿ ಕೋಡ್ ಸಾಲುಗಳನ್ನು ಓದಿಕೊಳ್ಳುವ ಧ್ವನಿಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನೀವು ಎಡಿಟರ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿಕೊಳ್ಳಿ. ಚಿಹ್ನೆಗಳು ಮಾತ್ರ ಇದ್ದದ್ದು ಇದ್ದ ಹಾಗೆ: ಹೈಫನ್, ಅಂಡರ್‌ಸ್ಕೋರ್, ನಕ್ಷತ್ರ, ಸಮ ಚಿಹ್ನೆ ಎಲ್ಲವೂ.

ಏನೇನು ಬೇಕು

ಪೈಥಾನ್ 3.9 ಅಥವಾ ಅದಕ್ಕಿಂತ ಹೊಸ ಆವೃತ್ತಿ, ಒಂದು ಟೆಕ್ಸ್ಟ್ ಎಡಿಟರ್, ಟರ್ಮಿನಲ್. ಆವೃತ್ತಿ ತಿಳಿಯಲು 'ಪೈಥಾನ್ --ವರ್ಷನ್' ಎಂದು ಓಡಿಸಿ. ಕೆಲವು ಕಂಪ್ಯೂಟರ್‌ಗಳಲ್ಲಿ 'ಪೈಥಾನ್3' ಎಂದು ಬರೆಯಬೇಕಾಗುತ್ತದೆ. ನಾವು ಬಳಸುವ ಆರ್ಗ್‌ಪಾರ್ಸ್ ಮಾಡ್ಯೂಲ್ ಪೈಥಾನ್ ಜೊತೆಗೇ ಬರುತ್ತದೆ. 2010ರಲ್ಲಿ ಬಂದ 2.7 ಮತ್ತು 2011ರಲ್ಲಿ ಬಂದ 3.2 ಆವೃತ್ತಿಗಳಿಂದ ಅದು ಸ್ಟ್ಯಾಂಡರ್ಡ್ ಲೈಬ್ರರಿಯಲ್ಲೇ ಇದೆ. ಹಳೆಯ ಪಾಠಗಳಲ್ಲಿ ಗೆಟ್‌ಆಪ್ಟ್, ಆಪ್ಟ್‌ಪಾರ್ಸ್ ಎಂಬ ಹೆಸರು ಕಂಡರೆ ಸದ್ಯಕ್ಕೆ ಪಕ್ಕಕ್ಕಿಡಿ.

ಒಂದು ಎಚ್ಚರಿಕೆ ಈಗಲೇ ಹೇಳಿಬಿಡುತ್ತೇನೆ. ಅಭ್ಯಾಸಕ್ಕೆಂದು ಮಾಡುವ ಫೈಲ್‌ಗೆ ಆರ್ಗ್‌ಪಾರ್ಸ್.ಪಿವೈ ಎಂದು ಹೆಸರಿಡಬೇಡಿ. ಹಾಗೆ ಇಟ್ಟರೆ ಇಂಪೋರ್ಟ್ ಸಾಲು ಪೈಥಾನ್‌ನ ಮಾಡ್ಯೂಲನ್ನು ಬಿಟ್ಟು ನಿಮ್ಮ ಫೈಲನ್ನೇ ಎಳೆದುಕೊಳ್ಳುತ್ತದೆ, 'ಆರ್ಗ್ಯುಮೆಂಟ್‌ಪಾರ್ಸರ್ ಎಂಬುದೇ ಇಲ್ಲ' ಎಂಬ ಎರರ್ ಬರುತ್ತದೆ. ಹೊಸಬರು ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವ ಜಾಗ ಇದು.

ಬಳಸುವ ಪದಗಳು ಕೆಲವೇ. ಸ್ಕ್ರಿಪ್ಟ್ ಹೆಸರಿನ ನಂತರ ಟರ್ಮಿನಲ್‌ನಲ್ಲಿ ಬರೆಯುವ ಪ್ರತಿ ತುಣುಕೂ ಒಂದು ಆರ್ಗ್ಯುಮೆಂಟ್. ಎಷ್ಟನೆಯದು ಎಂಬುದರಿಂದಲೇ ಗುರುತಿಸಿಕೊಳ್ಳುವಂಥದ್ದು ಪೊಸಿಷನಲ್ ಆರ್ಗ್ಯುಮೆಂಟ್, ಮೇಲಿನ ಸಾಲಿನ 'ಫೋಟೋಸ್' ಥರದ್ದು. ಹೈಫನ್‌ನಿಂದ ಶುರುವಾಗುವ ಹೆಸರು ಇದ್ದರೆ ಅದು ಆಪ್ಷನ್. ಹೆಸರು ಮಾತ್ರ ಇದ್ದು ಮೌಲ್ಯ ಇಲ್ಲದಿದ್ದರೆ ಫ್ಲ್ಯಾಗ್. ಬರೆದರೆ ಹೌದು, ಬರೆಯದಿದ್ದರೆ ಇಲ್ಲ. ಈ ತುಣುಕುಗಳನ್ನೆಲ್ಲ ಓದಿ, ವಿಂಗಡಿಸಿ, ತಪ್ಪಿದ್ದರೆ ವಾಪಸ್ ಕಳಿಸುವುದು ಪಾರ್ಸರ್‌ನ ಕೆಲಸ.

1. ಯಾವುದಕ್ಕೆ ಹೆಸರು, ಯಾವುದಕ್ಕೆ ಬೇಡ

ಕೋಡ್ ಬರೆಯುವ ಮುಂಚೆ ಟರ್ಮಿನಲ್‌ನಲ್ಲಿ ಹೇಗೆ ಕಾಣಬೇಕು ಎಂದು ಒಂದು ಸಾಲು ಬರೆದುಕೊಳ್ಳಿ. ಸ್ಕ್ರಿಪ್ಟ್ ಯಾವುದರ ಮೇಲೆ ಕೆಲಸ ಮಾಡುತ್ತದೋ ಅದು ಪೊಸಿಷನಲ್ ಆಗಿರಲಿ: ಫೈಲ್, ಫೋಲ್ಡರ್, ವಿಳಾಸ. ಆ ಕೆಲಸವನ್ನು ಹೇಗೆ ಮಾಡಬೇಕು ಎಂದು ಹೇಳುವುದೆಲ್ಲ ಆಪ್ಷನ್ ಆಗಲಿ. ಪೊಸಿಷನಲ್ ಎರಡಕ್ಕಿಂತ ಹೆಚ್ಚಾಗುತ್ತಿದ್ದರೆ ನಿಲ್ಲಿಸಿ, ಮೂರನೆಯದಕ್ಕೆ ಹೆಸರು ಕೊಡಿ. ಆ ಮೌಲ್ಯ ಕೊಡಲೇಬೇಕಾದದ್ದು ಎನಿಸಿದರೆ ಆಪ್ಷನ್‌ಗೆ 'ರಿಕ್ವೈರ್ಡ್=ಟ್ರೂ' ಎಂದು ಸೇರಿಸಬಹುದು. "ಆಪ್ಷನ್ ಅಂದಮೇಲೆ ಕಡ್ಡಾಯ ಹೇಗೆ?" ಎಂದು ಮೂಗು ಮುರಿಯುವವರಿದ್ದಾರೆ, ನನ್ನ ಲೆಕ್ಕದಲ್ಲಿ ಹೆಸರಿಲ್ಲದ ಮೂರನೇ ಮೌಲ್ಯಕ್ಕಿಂತ ಹೆಸರಿರುವ ಕಡ್ಡಾಯ ಮೌಲ್ಯವೇ ಮೇಲು.

ಹೆಸರು ಪೂರ್ತಿ ಪದವಾಗಿರಲಿ. ದಿನಕ್ಕೆ ಹತ್ತು ಸಲ ಟೈಪ್ ಮಾಡುವಂಥದ್ದಕ್ಕೆ ಮಾತ್ರ ಒಂದಕ್ಷರದ ಅಡ್ಡಹೆಸರು ಇರಲಿ, '-ಡಬ್ಲ್ಯು' ಹಾಗೆ. ಎಲ್ಲಕ್ಕೂ ಒಂದೊಂದು ಅಕ್ಷರ ಹಂಚಲು ಹೋದರೆ 'ಔಟ್‌ಪುಟ್'ಗೂ 'ಓವರ್‌ರೈಟ್'ಗೂ ಒಂದೇ ಅಕ್ಷರಕ್ಕೆ ಜಗಳ ಶುರುವಾಗುತ್ತದೆ.

2. ಪಾರ್ಸರ್ ಕಟ್ಟುವುದು

ಇಂಪೋರ್ಟ್ ಆರ್ಗ್‌ಪಾರ್ಸ್

ಪಾರ್ಸರ್ = ಆರ್ಗ್‌ಪಾರ್ಸ್.ಆರ್ಗ್ಯುಮೆಂಟ್‌ಪಾರ್ಸರ್(ಅಲೋ_ಅಬ್ರೆವ್=ಫಾಲ್ಸ್)
ಪಾರ್ಸರ್.ಆಡ್_ಆರ್ಗ್ಯುಮೆಂಟ್("ಫೋಲ್ಡರ್")
ಪಾರ್ಸರ್.ಆಡ್_ಆರ್ಗ್ಯುಮೆಂಟ್("-ಡಬ್ಲ್ಯು", "--ವಿಡ್ತ್", ಟೈಪ್=ಇಂಟ್, ಡಿಫಾಲ್ಟ್=800)
ಪಾರ್ಸರ್.ಆಡ್_ಆರ್ಗ್ಯುಮೆಂಟ್("--ಕ್ವಾಲಿಟಿ", ಟೈಪ್=ಇಂಟ್, ಡಿಫಾಲ್ಟ್=85)
ಪಾರ್ಸರ್.ಆಡ್_ಆರ್ಗ್ಯುಮೆಂಟ್("--ಔಟ್‌ಪುಟ್", ರಿಕ್ವೈರ್ಡ್=ಟ್ರೂ)
ಆರ್ಗ್ಸ್ = ಪಾರ್ಸರ್.ಪಾರ್ಸ್_ಆರ್ಗ್ಸ್()

ಹೈಫನ್ ಇಲ್ಲದ ಹೆಸರು ಪೊಸಿಷನಲ್, ಹೈಫನ್ ಇರುವುದು ಆಪ್ಷನ್, ವ್ಯತ್ಯಾಸ ಇಷ್ಟೇ. ಇನ್ನು ಮೇಲೆ 'ಆರ್ಗ್ಸ್.ವಿಡ್ತ್' ಎಂದರೆ 800. ಬಳಸುವವರು '--ವಿಡ್ತ್ 400' ಎಂದು ಜಾಗ ಬಿಟ್ಟು ಬರೆದರೂ, '--ವಿಡ್ತ್=400' ಎಂದು ಸಮ ಚಿಹ್ನೆ ಹಾಕಿ ಬರೆದರೂ ನಡೆಯುತ್ತದೆ. ಸಮ ಚಿಹ್ನೆಯ ಎರಡೂ ಬದಿ ಜಾಗ ಮಾತ್ರ ಬಿಡಬಾರದು.

ಮೊದಲ ಸಾಲಿನ 'ಅಲೋ_ಅಬ್ರೆವ್=ಫಾಲ್ಸ್' ಏಕೆಂದು ಕೇಳುತ್ತೀರಿ. ಅದಿಲ್ಲದಿದ್ದರೆ ಆರ್ಗ್‌ಪಾರ್ಸ್ ಅರ್ಧ ಬರೆದ ಹೆಸರನ್ನೂ ಒಪ್ಪಿಕೊಳ್ಳುತ್ತದೆ: '--ಔಟ್' ಎಂದರೂ '--ಔಟ್‌ಪುಟ್' ಎಂದೇ ಊಹಿಸುತ್ತದೆ. ಅನುಕೂಲವೇ ಎನಿಸಬಹುದು. ಆದರೆ ಮುಂದೊಂದು ದಿನ ನೀವು '--ಔಟ್‌ಲೈನ್' ಎಂಬ ಹೊಸ ಆಪ್ಷನ್ ಸೇರಿಸಿದ ಕೂಡಲೇ, '--ಔಟ್' ಎಂದು ಬರೆದಿಟ್ಟವರ ಸ್ಕ್ರಿಪ್ಟ್‌ಗಳೆಲ್ಲ 'ಇದು ಯಾವುದೆಂದು ಸ್ಪಷ್ಟವಿಲ್ಲ' ಎಂಬ ಎರರ್‌ನಿಂದ ನಿಲ್ಲುತ್ತವೆ. ಅವರು ಏನನ್ನೂ ಬದಲಿಸಿರುವುದಿಲ್ಲ! ಪೈಥಾನ್ 3.5ರಿಂದ ಈ ಊಹೆಯನ್ನು ನಿಲ್ಲಿಸುವ ಸೌಲಭ್ಯ ಇದೆ. ಮೊದಲ ದಿನವೇ ನಿಲ್ಲಿಸಿಬಿಡಿ.

3. ಮೌಲ್ಯದ ಬಗೆ ಹೇಳುವುದು

ಟರ್ಮಿನಲ್‌ನಿಂದ ಬರುವುದೆಲ್ಲ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. 800 ಎಂದು ಬರೆದರೂ ಪೈಥಾನ್‌ಗೆ ಸಿಗುವುದು "800". ಅದನ್ನು 2ರಿಂದ ಗುಣಿಸಿದರೆ 1600 ಬರುವುದಿಲ್ಲ, "800800" ಬರುತ್ತದೆ. 'ಟೈಪ್=ಇಂಟ್' ಎಂದು ಕೊಟ್ಟರೆ ಪಾರ್ಸರ್ ಅದನ್ನು ಪೂರ್ಣಾಂಕವಾಗಿ ಬದಲಿಸಿ ಕೊಡುತ್ತದೆ. ಯಾರಾದರೂ '--ವಿಡ್ತ್ ದೊಡ್ಡದು' ಎಂದು ಬರೆದರೆ ಇದು ಪೂರ್ಣಾಂಕವಲ್ಲ ಎಂದು ಹೇಳಿ ಅಲ್ಲೇ ನಿಲ್ಲಿಸುತ್ತದೆ, ನಿಮ್ಮ ಉಳಿದ ಕೋಡ್ ಶುರುವೇ ಆಗುವುದಿಲ್ಲ. ಅಂದಹಾಗೆ, ಪೈಥಾನ್‌ನ ಇಂಟ್ ಕನ್ನಡ ಅಂಕಿಗಳನ್ನೂ ಓದುತ್ತದೆ: '--ವಿಡ್ತ್ ೮೦೦' ಎಂದರೂ 800 ಸಿಗುತ್ತದೆ.

ಟೈಪ್ ಎಂಬಲ್ಲಿ ಇಂಟ್, ಫ್ಲೋಟ್ ಮಾತ್ರವೇ ಇರಬೇಕೆಂದಿಲ್ಲ. ಒಂದು ಸ್ಟ್ರಿಂಗ್ ತೆಗೆದುಕೊಂಡು ಒಂದು ಮೌಲ್ಯ ಹಿಂತಿರುಗಿಸುವ ಯಾವ ಫಂಕ್ಷನ್ ಆದರೂ ಸರಿ:

ಡೆಫ್ ಗುಣಮಟ್ಟ(ಟೆಕ್ಸ್ಟ್):
    ಎನ್ = ಇಂಟ್(ಟೆಕ್ಸ್ಟ್)
    ಇಫ್ ನಾಟ್ 1 <= ಎನ್ <= 100:
        ರೇಸ್ ಆರ್ಗ್‌ಪಾರ್ಸ್.ಆರ್ಗ್ಯುಮೆಂಟ್‌ಟೈಪ್‌ಎರರ್("1ರಿಂದ 100ರ ಒಳಗಿನ ಸಂಖ್ಯೆ ಕೊಡಿ")
    ರಿಟರ್ನ್ ಎನ್

ಈಗ ಕ್ವಾಲಿಟಿ ಸಾಲಿನಲ್ಲಿ 'ಟೈಪ್=ಗುಣಮಟ್ಟ' ಎಂದು ಬದಲಿಸಿ. ಎರರ್ ಸಂದೇಶ ಕನ್ನಡದಲ್ಲೇ ಇರಬಹುದು, ಪೈಥಾನ್ 3ಕ್ಕೆ ಅಭ್ಯಂತರವಿಲ್ಲ. ಕೊಡಬಹುದಾದ ಮೌಲ್ಯಗಳು ಬೆರಳೆಣಿಕೆಯಷ್ಟೇ ಇದ್ದರೆ ಇಷ್ಟೂ ಬೇಡ: 'ಚಾಯ್ಸಸ್=["ಜೆಪಿಜಿ", "ಪಿಎನ್‌ಜಿ", "ವೆಬ್‌ಪಿ"]' ಎಂದು ಪಟ್ಟಿ ಕೊಟ್ಟರೆ ಸಾಕು, ಪಟ್ಟಿಯಲ್ಲಿಲ್ಲದ್ದನ್ನು ಪಾರ್ಸರ್ ತಾನೇ ತಿರಸ್ಕರಿಸುತ್ತದೆ.

ಡಿಫಾಲ್ಟ್ ಬಗ್ಗೆ ಒಂದು ಮಾತು. ಆಪ್ಷನ್ ಬರೆಯದಿದ್ದಾಗ ಸಿಗುವ ಮೌಲ್ಯವೇ ಡಿಫಾಲ್ಟ್. ನೀವು ಏನನ್ನೂ ಹೇಳದಿದ್ದರೆ ಅದು 'ನನ್', ಅಂದರೆ 'ಏನೂ ಕೊಟ್ಟಿಲ್ಲ'. ಇದನ್ನು ಪರೀಕ್ಷಿಸಲು 'ಇಫ್ ಆರ್ಗ್ಸ್.ವಿಡ್ತ್' ಎಂದು ಬರೆಯುವವರು ಬಹಳ. ಬಳಸುವವರು 0 ಎಂದು ಕೊಟ್ಟರೂ ಆ ಸಾಲು 'ಕೊಟ್ಟಿಲ್ಲ' ಎಂದೇ ತಿಳಿಯುತ್ತದೆ. 'ಇಫ್ ಆರ್ಗ್ಸ್.ವಿಡ್ತ್ ಈಸ್ ನಾಟ್ ನನ್' ಎಂದು ಬಿಡಿಸಿ ಬರೆಯಿರಿ.

4. ಹೌದು–ಇಲ್ಲ ಫ್ಲ್ಯಾಗ್‌ಗಳು

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಸಂಖ್ಯೆಗೆ 'ಟೈಪ್=ಇಂಟ್' ಆದರೆ ಹೌದು–ಇಲ್ಲಕ್ಕೆ 'ಟೈಪ್=ಬೂಲ್' ಇರಬೇಕಲ್ಲ ಎಂದು ಸಹಜವಾಗಿಯೇ ತೋರುತ್ತದೆ. ಬರೆದು ನೋಡಿ, '--ಓವರ್‌ರೈಟ್ ಫಾಲ್ಸ್' ಎಂದು ಓಡಿಸಿ: ಸಿಗುವುದು ಟ್ರೂ! ಕಾರಣ ಸರಳ. ಬೂಲ್ ಎಂಬುದು ಸ್ಟ್ರಿಂಗ್‌ನಲ್ಲಿ ಏನು ಬರೆದಿದೆ ಎಂದು ಓದುವುದೇ ಇಲ್ಲ. ಖಾಲಿಯೋ ಅಲ್ಲವೋ ಎಂದಷ್ಟೇ ನೋಡುತ್ತದೆ. "ಫಾಲ್ಸ್" ಎಂಬ ಸ್ಟ್ರಿಂಗ್ ಖಾಲಿಯಲ್ಲ, ಹಾಗಾಗಿ ಟ್ರೂ. ಬೇಡ ಎಂದು ಹೇಳಿದವರ ಫೈಲುಗಳನ್ನೇ ಅಳಿಸಿ ಬರೆಯುವ ಸ್ಕ್ರಿಪ್ಟ್ ಹೀಗೆ ತಯಾರಾಗುತ್ತದೆ, ಎರರ್ ಒಂದೂ ಬರುವುದಿಲ್ಲ.

ಸರಿಯಾದ ದಾರಿ:

ಪಾರ್ಸರ್.ಆಡ್_ಆರ್ಗ್ಯುಮೆಂಟ್("--ಡ್ರೈ-ರನ್", ಆ್ಯಕ್ಷನ್="ಸ್ಟೋರ್_ಟ್ರೂ")

ಆ್ಯಕ್ಷನ್ ಎಂದರೆ ಈ ಹೆಸರು ಕಂಡಾಗ ಪಾರ್ಸರ್ ಏನು ಮಾಡಬೇಕು ಎಂಬ ಸೂಚನೆ. 'ಸ್ಟೋರ್_ಟ್ರೂ' ಕೊಟ್ಟರೆ '--ಡ್ರೈ-ರನ್' ಎಂದು ಬರೆದಾಗ ಟ್ರೂ, ಬರೆಯದಿದ್ದಾಗ ಫಾಲ್ಸ್. ಅದರ ಮುಂದೆ ಮೌಲ್ಯ ಬರೆಯುವ ಹಾಗೇ ಇಲ್ಲ. ಇದರ ಜೊತೆಗೆ ಟೈಪ್ ಸೇರಿಸಲು ಹೋಗಬೇಡಿ, ಎರರ್ ಬರುತ್ತದೆ. (ಡ್ರೈ ರನ್ ಎಂದರೆ ಮಾಡಿದಂತೆ ತೋರಿಸು, ನಿಜವಾಗಿ ಮಾಡಬೇಡ ಎಂದು. ಫೈಲ್ ಅಳಿಸುವ, ಹೆಸರು ಬದಲಿಸುವ ಯಾವುದೇ ಸ್ಕ್ರಿಪ್ಟ್‌ಗೆ ಈ ಫ್ಲ್ಯಾಗ್ ಇರಲೇಬೇಕು ಎಂಬುದು ನನ್ನ ಹಟ.)

ಇಲ್ಲೊಂದು ಹೈಫನ್ ಗೊಂದಲ ಇದೆ. ಪೈಥಾನ್ ಹೆಸರುಗಳಲ್ಲಿ ಹೈಫನ್ ಕೂಡದು, ಅದು ಕಳೆಯುವ ಚಿಹ್ನೆ. ಹಾಗಾಗಿ ಪಾರ್ಸರ್ ಆಪ್ಷನ್ ಹೆಸರಿನ ಒಳಗಿನ ಹೈಫನ್‌ಗಳನ್ನು ಅಂಡರ್‌ಸ್ಕೋರ್ ಮಾಡುತ್ತದೆ: ಟರ್ಮಿನಲ್‌ನಲ್ಲಿ '--ಡ್ರೈ-ರನ್', ಕೋಡ್‌ನಲ್ಲಿ 'ಆರ್ಗ್ಸ್.ಡ್ರೈ_ರನ್'.

ಡಿಫಾಲ್ಟ್ ಆಗಿ ಹೌದು ಇದ್ದು, ಬೇಕಾದಾಗ ಇಲ್ಲ ಎನ್ನುವಂತಿರಬೇಕಾದರೆ? '--ನೋ-ಬ್ಯಾಕಪ್' ಎಂಬ ಫ್ಲ್ಯಾಗ್ ಇಟ್ಟು, ಕೋಡ್‌ನಲ್ಲಿ 'ಇಫ್ ನಾಟ್ ಆರ್ಗ್ಸ್.ನೋ_ಬ್ಯಾಕಪ್' ಎಂದು ಬರೆದರೆ 'ಬ್ಯಾಕಪ್ ಬೇಡ ಎಂಬುದು ಇಲ್ಲದಿದ್ದರೆ' ಎಂಬ ಎರಡು ನಿಷೇಧದ ಗಂಟು ಬೀಳುತ್ತದೆ. 3.9ರಿಂದ ಇದಕ್ಕೆ ನೇರವಾದ ಉಪಾಯ ಬಂದಿದೆ, ಶುರುವಿನಲ್ಲಿ ಆ ಆವೃತ್ತಿ ಕೇಳಿದ್ದೂ ಇದಕ್ಕೇ:

ಪಾರ್ಸರ್.ಆಡ್_ಆರ್ಗ್ಯುಮೆಂಟ್("--ಬ್ಯಾಕಪ್", ಆ್ಯಕ್ಷನ್=ಆರ್ಗ್‌ಪಾರ್ಸ್.ಬೂಲಿಯನ್‌ಆಪ್ಷನಲ್‌ಆ್ಯಕ್ಷನ್, ಡಿಫಾಲ್ಟ್=ಟ್ರೂ)

ಒಂದೇ ಸಾಲಿಗೆ '--ಬ್ಯಾಕಪ್', '--ನೋ-ಬ್ಯಾಕಪ್' ಎರಡೂ ಸಿಗುತ್ತವೆ. ಕೋಡ್‌ನಲ್ಲಿ 'ಆರ್ಗ್ಸ್.ಬ್ಯಾಕಪ್' ಒಂದನ್ನೇ ನೋಡಿದರಾಯಿತು.

5. ಅದೇ ಹೆಸರು ಫಂಕ್ಷನ್‌ಗೂ

ಬಹುತೇಕ ಪಾಠಗಳು ಪಾರ್ಸರ್ ಕಟ್ಟಿದ ಕಡೆ ನಿಂತುಬಿಡುತ್ತವೆ. ಟರ್ಮಿನಲ್‌ನಲ್ಲಿ ಚೆಂದದ ಹೆಸರುಗಳನ್ನು ಕೊಟ್ಟು, ಒಳಗೆ ಹೋದಮೇಲೆ 'ಶ್ರಿಂಕ್(ಆರ್ಗ್ಸ್.ಫೋಲ್ಡರ್, ಆರ್ಗ್ಸ್.ಕ್ವಾಲಿಟಿ, ಆರ್ಗ್ಸ್.ವಿಡ್ತ್)' ಎಂದು ಮತ್ತೆ ಜಾಗದ ಲೆಕ್ಕದಲ್ಲೇ ಕಳಿಸಿದರೆ, ಹೊರಗೆ ಹೋದ ತೊಂದರೆ ಒಳಗೆ ಬಂದು ಕೂರುತ್ತದೆ. ಅಲ್ಲಿ ಅಗಲವೂ ಗುಣಮಟ್ಟವೂ ಅದಲುಬದಲಾಗಿದ್ದರೆ ನಿಮಗೆ ಹೇಳುವವರು ಯಾರೂ ಇಲ್ಲ. ಆದ್ದರಿಂದ ಫಂಕ್ಷನ್ ಕೂಡ ಹೆಸರು ಕೇಳುವಂತಿರಲಿ:

ಡೆಫ್ ಶ್ರಿಂಕ್(ಫೋಲ್ಡರ್, *, ವಿಡ್ತ್, ಕ್ವಾಲಿಟಿ, ಔಟ್‌ಪುಟ್, ಬ್ಯಾಕಪ್, ಡ್ರೈ_ರನ್):

ನಡುವಿನ ಒಂಟಿ ನಕ್ಷತ್ರ ಗಮನಿಸಿ. ಅದರ ನಂತರದ ಪ್ಯಾರಾಮೀಟರ್‌ಗಳನ್ನು ಹೆಸರಿಟ್ಟೇ ಕೊಡಬೇಕು, ಜಾಗದ ಲೆಕ್ಕದಲ್ಲಿ ಕೊಡಲು ಪೈಥಾನ್ ಬಿಡುವುದಿಲ್ಲ. ಇಂಥವನ್ನು ಕೀವರ್ಡ್-ಓನ್ಲಿ ಪ್ಯಾರಾಮೀಟರ್ ಎನ್ನುತ್ತಾರೆ, ಪೈಥಾನ್ 3.0ರಿಂದ ಇವೆ. ಈಗ ಪಾರ್ಸರ್ ಕೊಟ್ಟದ್ದನ್ನು ಒಂದೇ ಸಾಲಿನಲ್ಲಿ ಫಂಕ್ಷನ್‌ಗೆ ದಾಟಿಸಿ:

ಶ್ರಿಂಕ್(**ವಾರ್ಸ್(ಆರ್ಗ್ಸ್))

'ವಾರ್ಸ್' ಆರ್ಗ್ಸ್‌ನಲ್ಲಿರುವುದನ್ನು ಡಿಕ್ಷನರಿ ಮಾಡುತ್ತದೆ, ಅಂದರೆ ಹೆಸರು–ಮೌಲ್ಯದ ಜೋಡಿಗಳ ಪಟ್ಟಿ. ಎರಡು ನಕ್ಷತ್ರ ಆ ಜೋಡಿಗಳನ್ನು ಬಿಡಿಸಿ, ಹೆಸರಿಗೆ ತಕ್ಕ ಪ್ಯಾರಾಮೀಟರ್‌ಗೆ ಕೂರಿಸುತ್ತವೆ. ಇದರ ದೊಡ್ಡ ಲಾಭ ಟೈಪಿಂಗ್ ಉಳಿಯುವುದಲ್ಲ. ನಾಳೆ ನೀವು ಪಾರ್ಸರ್‌ಗೆ '--ಫಾರ್ಮ್ಯಾಟ್' ಸೇರಿಸಿ ಫಂಕ್ಷನ್‌ಗೆ ಸೇರಿಸಲು ಮರೆತರೆ, ಮೊದಲ ಓಟದಲ್ಲೇ 'ಫಾರ್ಮ್ಯಾಟ್ ಎಂಬ ಅನಿರೀಕ್ಷಿತ ಕೀವರ್ಡ್ ಆರ್ಗ್ಯುಮೆಂಟ್' ಎಂಬ ಟೈಪ್‌ಎರರ್ ಬರುತ್ತದೆ. ಫಂಕ್ಷನ್‌ಗೆ ಸೇರಿಸಿ ಪಾರ್ಸರ್‌ಗೆ ಮರೆತರೂ ಹಾಗೆಯೇ. ಎರಡು ಪಟ್ಟಿ ಒಂದಕ್ಕೊಂದು ಕಾವಲು ಕಾಯುತ್ತವೆ.

'ಆರ್ಗ್ಸ್' ಅನ್ನೇ ಇಡಿಯಾಗಿ ಫಂಕ್ಷನ್‌ನಿಂದ ಫಂಕ್ಷನ್‌ಗೆ ಸಾಗಿಸುವ ಅಭ್ಯಾಸವೂ ಇದೆ. ನಾನದನ್ನು ಒಪ್ಪುವುದಿಲ್ಲ. ಯಾವ ಫಂಕ್ಷನ್‌ಗೆ ಏನು ಬೇಕು ಎಂಬುದು ಅದರ ಮೊದಲ ಸಾಲಿನಲ್ಲಿ ಕಾಣದೆ ಹೋಗುತ್ತದೆ. ಇನ್ನೊಂದು ಸ್ಕ್ರಿಪ್ಟ್‌ನಿಂದ ಆ ಫಂಕ್ಷನ್ ಕರೆಯಬೇಕೆಂದರೆ ಸುಳ್ಳು ಆರ್ಗ್ಸ್ ತಯಾರಿಸಬೇಕಾಗುತ್ತದೆ.

ಡಿಫಾಲ್ಟ್ ಮೌಲ್ಯ ಎರಡು ಕಡೆ ಬರೆಯುವ ಚಾಳಿಗೂ ಇಲ್ಲೇ ತಡೆ ಹಾಕಿ. ಪಾರ್ಸರ್‌ನಲ್ಲಿ 800, ಫಂಕ್ಷನ್‌ನಲ್ಲಿ 1024 ಎಂದಾದರೆ ಟರ್ಮಿನಲ್‌ನಿಂದ ಒಂದು ಅಳತೆ, ಬೇರೆ ಸ್ಕ್ರಿಪ್ಟ್‌ನಿಂದ ಇನ್ನೊಂದು ಅಳತೆ. ಎರಡೂ ಕಡೆ ಬೇಕೇ ಬೇಕೆಂದರೆ ಫೈಲ್‌ನ ತಲೆಯಲ್ಲಿ 'ಡಿಫಾಲ್ಟ್_ವಿಡ್ತ್ = 800' ಎಂದು ಒಮ್ಮೆ ಬರೆದು, ಎರಡೂ ಕಡೆ ಆ ಹೆಸರನ್ನೇ ಬಳಸಿ.

ಕೊನೆಯಲ್ಲಿ ಎಲ್ಲವನ್ನೂ ಒಂದು ಮೇನ್ ಫಂಕ್ಷನ್‌ನೊಳಗೆ ಇಡಿ:

ಡೆಫ್ ಮೇನ್(ಆರ್ಗ್‌ವಿ=ನನ್):
    ...ಪಾರ್ಸರ್ ಸಾಲುಗಳು...
    ಆರ್ಗ್ಸ್ = ಪಾರ್ಸರ್.ಪಾರ್ಸ್_ಆರ್ಗ್ಸ್(ಆರ್ಗ್‌ವಿ)
    ಶ್ರಿಂಕ್(**ವಾರ್ಸ್(ಆರ್ಗ್ಸ್))

ಇಫ್ __ನೇಮ್__ == "__ಮೇನ್__":
    ಮೇನ್()

'ನನ್' ಕೊಟ್ಟರೆ ಪಾರ್ಸರ್ ನಿಜವಾದ ಟರ್ಮಿನಲ್ ಸಾಲನ್ನೇ ಓದುತ್ತದೆ. ಪಟ್ಟಿ ಕೊಟ್ಟರೆ ಅದನ್ನು ಓದುತ್ತದೆ. ಹಾಗಾಗಿ ಟರ್ಮಿನಲ್‌ಗೆ ಹೋಗದೆಯೇ 'ಮೇನ್(["ಫೋಟೋಸ್", "--ವಿಡ್ತ್", "400", "--ಔಟ್‌ಪುಟ್", "ಸ್ಮಾಲ್"])' ಎಂದು ಪರೀಕ್ಷಿಸಬಹುದು. ಪಟ್ಟಿಯಲ್ಲಿ ಪ್ರತಿ ತುಣುಕೂ ಬೇರೆ ಬೇರೆ ಇರಬೇಕು. "--ವಿಡ್ತ್ 400" ಎಂದು ಒಂದೇ ಸ್ಟ್ರಿಂಗ್ ಮಾಡಿದರೆ ಪಾರ್ಸರ್‌ಗೆ ಗುರುತು ಸಿಗುವುದಿಲ್ಲ.

6. ಸಹಾಯದ ಪುಟ

'--ಹೆಲ್ಪ್' ತಾನಾಗೇ ಸಿಗುತ್ತದೆ, ನೀವು ಸೇರಿಸಬೇಕಿಲ್ಲ. ಪ್ರತಿ ಆಪ್ಷನ್‌ಗೂ 'ಹೆಲ್ಪ್=' ಎಂದು ಒಂದು ಸಾಲಿನ ವಿವರಣೆ ಕೊಟ್ಟರೆ ಅದು ಆ ಪುಟದಲ್ಲಿ ಕಾಣುತ್ತದೆ. ವಿವರಣೆಯೊಳಗೆ '%(ಡಿಫಾಲ್ಟ್)ಎಸ್' ಎಂದು ಸೇರಿಸಿ, ಡಿಫಾಲ್ಟ್ ಮೌಲ್ಯ ಅಲ್ಲಿ ತಾನೇ ಬಂದು ಕೂರುತ್ತದೆ. ಮುಂದೆ ಮೌಲ್ಯ ಬದಲಿಸಿದಾಗ ವಿವರಣೆ ತಿದ್ದುವ ಗೋಜಿಲ್ಲ. ಇದೇ ಕಾರಣಕ್ಕೆ ಶೇಕಡಾ ಚಿಹ್ನೆಯೇ ಬೇಕಾದಾಗ '%%' ಎಂದು ಎರಡು ಸಲ ಬರೆಯಬೇಕು. ಒಂದೇ ಬರೆದರೆ ಎರರ್. ಹಳೆಯ ಪಾಠಗಳ ಸಹಾಯ ಪುಟದಲ್ಲಿ 'ಆಪ್ಷನಲ್ ಆರ್ಗ್ಯುಮೆಂಟ್ಸ್' ಎಂಬ ಶೀರ್ಷಿಕೆ ಕಂಡು ನಿಮ್ಮಲ್ಲಿ ಬರೀ 'ಆಪ್ಷನ್ಸ್' ಎಂದು ಬಂದರೆ ಗಾಬರಿ ಬೇಡ. 3.10ರಲ್ಲಿ ಬದಲಾಯಿಸಿದ್ದಾರೆ.

7. ಒಂದೇ ಆಪ್ಷನ್‌ಗೆ ಹಲವು ಮೌಲ್ಯ

ಕೆಲವು ಫೈಲ್‌ಗಳನ್ನು ಬಿಡು ಎನ್ನಲು '--ಸ್ಕಿಪ್' ಬೇಕು, ಅದಕ್ಕೆ ಎಷ್ಟು ಹೆಸರಾದರೂ ಕೊಡುವಂತಿರಬೇಕು. 'ಎನ್‌ಆರ್ಗ್ಸ್="+"' ಎಂದರೆ ಒಂದು ಅಥವಾ ಹೆಚ್ಚು ಮೌಲ್ಯ. ಹೀಗೆ ಓಡಿಸಿ:

ಪೈಥಾನ್ ಶ್ರಿಂಕ್.ಪಿವೈ --ಔಟ್‌ಪುಟ್ ಸ್ಮಾಲ್ --ಸ್ಕಿಪ್ ಎ.ಜೆಪಿಜಿ ಬಿ.ಜೆಪಿಜಿ ಫೋಟೋಸ್

ಉತ್ತರ: ಫೋಲ್ಡರ್ ಕೊಟ್ಟಿಲ್ಲ ಎಂಬ ಎರರ್. ಫೋಲ್ಡರ್ ಕಣ್ಣೆದುರಿಗೇ ಇದೆ, ಆದರೆ ಸ್ಕಿಪ್ ಅದನ್ನೂ ತನ್ನದೇ ಮೌಲ್ಯ ಎಂದು ನುಂಗಿದೆ. ಫೋಲ್ಡರನ್ನು ಮೊದಲು ಬರೆದರೆ ಸರಿಹೋಗುತ್ತದೆ; ಆದರೆ ಕ್ರಮ ನೆನಪಿಡುವುದು ಬೇಡವೆಂದೇ ತಾನೇ ನಾವು ಇಷ್ಟೆಲ್ಲ ಮಾಡುತ್ತಿರುವುದು? 'ಆ್ಯಕ್ಷನ್="ಅಪೆಂಡ್"' ಬಳಸಿ. ಆಗ '--ಸ್ಕಿಪ್ ಎ.ಜೆಪಿಜಿ --ಸ್ಕಿಪ್ ಬಿ.ಜೆಪಿಜಿ' ಎಂದು ಪ್ರತಿ ಸಲ ಹೆಸರು ಬರೆಯಬೇಕು. ಸ್ವಲ್ಪ ಉದ್ದ, ಆದರೆ ಅನುಮಾನವಿಲ್ಲ. ಅಪೆಂಡ್ ಜೊತೆ ಡಿಫಾಲ್ಟ್ ಪಟ್ಟಿ ಕೊಡಬೇಡಿ: ಬಳಸುವವರ ಮೌಲ್ಯಗಳು ಡಿಫಾಲ್ಟ್‌ನ ಬದಲಿಗೆ ಬರುವುದಿಲ್ಲ, ಅದರ ಹಿಂದೆ ಸೇರಿಕೊಳ್ಳುತ್ತವೆ. ಡಿಫಾಲ್ಟನ್ನು ನನ್ ಆಗಿಯೇ ಬಿಟ್ಟು, ಫಂಕ್ಷನ್‌ನ ಒಳಗೆ 'ಸ್ಕಿಪ್ ಆರ್ []' ಎಂದು ನೋಡಿಕೊಳ್ಳಿ.

8. ಒಂದಕ್ಕೊಂದು ಹೊಂದದ ಆಪ್ಷನ್‌ಗಳು

ಒಂದೊಂದೂ ಸರಿಯಿದ್ದು, ಒಟ್ಟಿಗೆ ಬಂದರೆ ಅರ್ಥವಿಲ್ಲದ ಜೋಡಿಗಳಿರುತ್ತವೆ. 'ಸದ್ದಿಲ್ಲದೆ ಮಾಡು', 'ಎಲ್ಲ ವಿವರ ತೋರಿಸು' ಎರಡೂ ಒಟ್ಟಿಗೆ ಬಂದರೆ? 'ಪಾರ್ಸರ್.ಆಡ್_ಮ್ಯೂಚುಯಲಿ_ಎಕ್ಸ್‌ಕ್ಲೂಸಿವ್_ಗ್ರೂಪ್()' ಎಂಬ ಉದ್ದ ಹೆಸರಿನ ಮೆಥಡ್ ಒಂದು ಗುಂಪು ಕೊಡುತ್ತದೆ. ಎರಡೂ ಆಪ್ಷನ್‌ಗಳನ್ನು ಪಾರ್ಸರ್‌ಗೆ ಸೇರಿಸುವ ಬದಲು ಆ ಗುಂಪಿಗೆ ಸೇರಿಸಿ. ಒಂದು ಬಂದರೆ ಇನ್ನೊಂದಕ್ಕೆ ಅವಕಾಶವಿಲ್ಲ.

ಇನ್ನಷ್ಟು ಸಿಕ್ಕಿನ ನಿಯಮಗಳಿದ್ದರೆ, ಉದಾಹರಣೆಗೆ ಔಟ್‌ಪುಟ್ ಫೋಲ್ಡರ್ ಮೂಲ ಫೋಲ್ಡರೇ ಆಗಿರಬಾರದು ಎಂದಿದ್ದರೆ, ಪಾರ್ಸ್_ಆರ್ಗ್ಸ್ ಮುಗಿದ ಕೂಡಲೇ ನೀವೇ ಪರೀಕ್ಷಿಸಿ 'ಪಾರ್ಸರ್.ಎರರ್("ಎರಡೂ ಒಂದೇ ಫೋಲ್ಡರ್ ಆಗಬಾರದು")' ಎಂದು ಕರೆಯಿರಿ. ಪ್ರಿಂಟ್ ಮಾಡಿ ರಿಟರ್ನ್ ಮಾಡುವುದಕ್ಕಿಂತ ಇದು ಒಳ್ಳೆಯದು. ಸಂದೇಶ ಎರರ್‌ಗೆಂದೇ ಇರುವ ದಾರಿಯಲ್ಲಿ ಹೋಗುತ್ತದೆ, ಬಳಕೆಯ ಸಾಲು ಜೊತೆಗೆ ಕಾಣುತ್ತದೆ, ಸ್ಕ್ರಿಪ್ಟ್ 2 ಎಂಬ ಎಕ್ಸಿಟ್ ಕೋಡ್‌ನೊಂದಿಗೆ ಮುಗಿಯುತ್ತದೆ. ಎಕ್ಸಿಟ್ ಕೋಡ್ ಎಂದರೆ ಪ್ರೋಗ್ರಾಂ ಮುಗಿಯುವಾಗ ಬಿಟ್ಟುಹೋಗುವ ಅಂಕಿ: 0 ಎಂದರೆ ಸುಸೂತ್ರ, ಬೇರೆ ಏನಿದ್ದರೂ ತೊಂದರೆ. ನಿಮ್ಮ ಸ್ಕ್ರಿಪ್ಟನ್ನು ಇನ್ನೊಂದು ಸ್ಕ್ರಿಪ್ಟ್ ಓಡಿಸುತ್ತಿದ್ದರೆ ಅದಕ್ಕೆ ಕಾಣುವುದು ಈ ಅಂಕಿಯೇ.

ತಪ್ಪು ನಿಮ್ಮ ಕೋಡ್‌ನದಲ್ಲದಾಗ

ಎಲ್ಲ ಸರಿಯಾಗಿ ಬರೆದರೂ "ನನ್ನ ಆಪ್ಷನ್ ಗುರುತೇ ಹಿಡಿಯುತ್ತಿಲ್ಲ" ಎಂಬ ದೂರು ಬರುತ್ತಿರುತ್ತದೆ. ಆಗ ಮೊದಲು ನೋಡಬೇಕಾದದ್ದು ಹೈಫನ್. ವರ್ಡ್ ಪ್ರೊಸೆಸರ್‌ಗಳು, ಕೆಲವು ಫೋನ್ ಕೀಬೋರ್ಡ್‌ಗಳು ಎರಡು ಹೈಫನ್ ಕಂಡ ಕೂಡಲೇ ಅವನ್ನು ಒಂದು ಉದ್ದ ಗೆರೆಯಾಗಿ ಬದಲಿಸುತ್ತವೆ. ಅಲ್ಲಿಂದ ನಕಲು ಮಾಡಿ ಟರ್ಮಿನಲ್‌ಗೆ ಅಂಟಿಸಿದರೆ ಪಾರ್ಸರ್‌ಗೆ ಅದು ಆಪ್ಷನ್ ಅಲ್ಲವೇ ಅಲ್ಲ, ಯಾವುದೋ ಬಿಡಿ ಪದ. ಕಣ್ಣಿಗೆ ವ್ಯತ್ಯಾಸ ಕಾಣುವುದೂ ಕಷ್ಟ. ಬಾಗಿದ ಉದ್ಧರಣ ಚಿಹ್ನೆಗಳದ್ದೂ ಇದೇ ಕಥೆ. ಅನುಮಾನ ಬಂದರೆ ಆ ಸಾಲನ್ನು ಅಳಿಸಿ ಕೈಯಲ್ಲೇ ಟೈಪ್ ಮಾಡಿ ನೋಡಿ.

ಎರಡನೆಯದು ಶೆಲ್. ನೀವು ಟೈಪ್ ಮಾಡಿದ ಸಾಲನ್ನು ಪೈಥಾನ್‌ಗಿಂತ ಮೊದಲು ಓದುವ ಪ್ರೋಗ್ರಾಂಗೆ ಶೆಲ್ ಎನ್ನುತ್ತಾರೆ. ಜಾಗ ಕಂಡಲ್ಲೆಲ್ಲ ಅದು ಸಾಲನ್ನು ತುಂಡು ಮಾಡುತ್ತದೆ. ಫೋಲ್ಡರ್ ಹೆಸರಿನಲ್ಲಿ ಜಾಗವಿದ್ದರೆ ಉದ್ಧರಣ ಚಿಹ್ನೆಯೊಳಗೆ ಇಡಿ. ಲಿನಕ್ಸ್, ಮ್ಯಾಕ್ ಶೆಲ್‌ಗಳಲ್ಲಿ '*.ಜೆಪಿಜಿ' ಎಂದು ಬರೆದರೆ ಅದು ಹೊಂದುವ ಫೈಲ್ ಹೆಸರುಗಳಾಗಿ ಬಿಚ್ಚಿಕೊಂಡೇ ಪೈಥಾನ್‌ಗೆ ತಲುಪುತ್ತದೆ. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ಹಾಗೆ ಬಿಚ್ಚುವುದಿಲ್ಲ, ನಕ್ಷತ್ರ ಇದ್ದ ಹಾಗೇ ಬರುತ್ತದೆ.

ಮೂರನೆಯದು, ಹೈಫನ್‌ನಿಂದಲೇ ಶುರುವಾಗುವ ಮೌಲ್ಯ. '--ಸ್ಕಿಪ್ -ಹಳೆಯದು.ಜೆಪಿಜಿ' ಎಂದರೆ ಪಾರ್ಸರ್ ಅದನ್ನು ಮತ್ತೊಂದು ಆಪ್ಷನ್ ಎಂದುಕೊಂಡು ಸ್ಕಿಪ್‌ಗೆ ಮೌಲ್ಯವೇ ಇಲ್ಲ ಎನ್ನುತ್ತದೆ. '--ಸ್ಕಿಪ್=-ಹಳೆಯದು.ಜೆಪಿಜಿ' ಎಂದು ಸಮ ಚಿಹ್ನೆಯಿಂದ ಅಂಟಿಸಿ. ಪೊಸಿಷನಲ್ ಹೆಸರೇ ಹೈಫನ್‌ನಿಂದ ಶುರುವಾದರೆ ಅದರ ಮುಂದೆ ಬರೀ '--' ಬರೆಯಿರಿ. ಅಲ್ಲಿಂದಾಚೆಗೆ ಬರುವುದು ಯಾವುದೂ ಆಪ್ಷನ್ ಅಲ್ಲ ಎಂಬ ಸೂಚನೆ ಅದು.

ಪಾಸ್‌ವರ್ಡ್‌ಗೆ ಮಾತ್ರ ಆಪ್ಷನ್ ಇಡಲೇಬೇಡಿ. ಟರ್ಮಿನಲ್ ಸಾಲು ಶೆಲ್‌ನ ಇತಿಹಾಸದಲ್ಲಿ ಉಳಿಯುತ್ತದೆ. ಅಷ್ಟೇ ಅಲ್ಲ, ಸ್ಕ್ರಿಪ್ಟ್ ಓಡುತ್ತಿರುವಷ್ಟು ಹೊತ್ತು ಅದೇ ಕಂಪ್ಯೂಟರ್ ಬಳಸುವ ಬೇರೆಯವರಿಗೂ ಪ್ರೋಸೆಸ್ ಪಟ್ಟಿಯಲ್ಲಿ ಕಾಣಬಹುದು. ಪೈಥಾನ್‌ನಲ್ಲೇ ಇರುವ ಗೆಟ್‌ಪಾಸ್ ಮಾಡ್ಯೂಲ್ ಟೈಪ್ ಮಾಡಿದ್ದು ಪರದೆಯಲ್ಲಿ ಕಾಣದಂತೆ ಕೇಳಿ ಪಡೆಯುತ್ತದೆ.

ಬೇರೆ ಭಾಷೆಯಲ್ಲಿ ಬರೆಯುವವರಿಗೆ

ಪವರ್‌ಶೆಲ್‌ನಲ್ಲಿ ಸ್ಕ್ರಿಪ್ಟ್‌ನ ತಲೆಯಲ್ಲಿ ಪ್ಯಾರಾಮ್ ಬ್ಲಾಕ್ ಬರೆದರೆ ಅದರ ಪ್ಯಾರಾಮೀಟರ್‌ಗಳೇ ಆಪ್ಷನ್ ಆಗುತ್ತವೆ, ಒಂದೇ ಹೈಫನ್ ಸಾಕು. ರಾಕುವಿನಲ್ಲಿ (2019ರವರೆಗೆ ಪರ್ಲ್ 6 ಎಂದು ಹೆಸರು) ಮೇನ್ ಎಂಬ ಸಬ್‌ರೂಟೀನ್‌ನ ನೇಮ್ಡ್ ಪ್ಯಾರಾಮೀಟರ್‌ಗಳು ನೇರವಾಗಿ ಆಪ್ಷನ್‌ಗಳು. ಸಹಾಯದ ಸಾಲನ್ನೂ ಅದೇ ಕಟ್ಟಿಕೊಡುತ್ತದೆ. ಆದರೆ ಅಲ್ಲಿ ಆಪ್ಷನ್‌ಗಳನ್ನು ಪೊಸಿಷನಲ್‌ಗಳಿಗಿಂತ ಮೊದಲು ಬರೆಯಬೇಕು, ಮೌಲ್ಯಕ್ಕೆ ಸಮ ಚಿಹ್ನೆ ಬೇಕು. ಬ್ಯಾಶ್‌ನ ಗೆಟ್‌ಆಪ್ಟ್ಸ್ ಒಂದಕ್ಷರದ ಆಪ್ಷನ್‌ಗಳನ್ನಷ್ಟೇ ಬಲ್ಲದು. ಪೈಥಾನ್‌ನಲ್ಲೂ ಹೊರಗಿನ ಲೈಬ್ರರಿ ನಡೆಯುತ್ತದೆ ಎನ್ನುವವರಿಗೆ ಟೈಪರ್ ಇದೆ: ಫಂಕ್ಷನ್‌ನ ಪ್ಯಾರಾಮೀಟರ್‌ಗಳಿಂದಲೇ ಆಪ್ಷನ್ ಹುಟ್ಟುತ್ತದೆ. ಒಂದೇ ಫೈಲ್ ಆಗಿ ಹಂಚುವ ಸ್ಕ್ರಿಪ್ಟ್‌ಗೆ ನಾನು ಆರ್ಗ್‌ಪಾರ್ಸನ್ನೇ ಹಿಡಿಯುತ್ತೇನೆ, ಪಡೆದವರು ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ.

9. ಹೆಸರು ಬದಲಿಸಬೇಕಾದಾಗ

ನಿಮ್ಮ ಸ್ಕ್ರಿಪ್ಟ್ ಬೇರೆಯವರ ಕೈಗೆ ಹೋದಮೇಲೆ ಆಪ್ಷನ್ ಹೆಸರುಗಳು ನಿಮ್ಮೊಬ್ಬರ ಸ್ವತ್ತಲ್ಲ. '--ವಿಡ್ತ್' ಬೇಡ, '--ಮ್ಯಾಕ್ಸ್-ವಿಡ್ತ್' ಎಂದರೆ ಸ್ಪಷ್ಟ ಎಂದು ಅನಿಸಿತು ಎಂದುಕೊಳ್ಳಿ. ಹಳೆಯದನ್ನು ಕಿತ್ತು ಹಾಕಬೇಡಿ. ಒಂದೇ ಆಡ್_ಆರ್ಗ್ಯುಮೆಂಟ್‌ನಲ್ಲಿ ಹೊಸ ಹೆಸರು ಮೊದಲು, ಹಳೆಯದು ಆಮೇಲೆ ಬರೆಯಿರಿ; ಎರಡೂ ನಡೆಯುತ್ತವೆ. ಕೋಡ್‌ನೊಳಗಿನ ಹೆಸರು ಎರಡು ಹೈಫನ್ ಇರುವ ಮೊದಲ ಹೆಸರಿನಿಂದ ಬರುತ್ತದೆ, ಹಾಗಾಗಿ ಅದು 'ಮ್ಯಾಕ್ಸ್_ವಿಡ್ತ್' ಆಗುತ್ತದೆ. ಫಂಕ್ಷನ್‌ನ ಪ್ಯಾರಾಮೀಟರ್ ಹೆಸರನ್ನೂ ಬದಲಿಸಿಕೊಳ್ಳಿ. ಮರೆತರೆ ಐದನೇ ಹಂತದ ಟೈಪ್‌ಎರರ್ ನೆನಪಿಸುತ್ತದೆ.

ಹಳೆಯ ಹೆಸರು ಸಹಾಯದ ಪುಟದಲ್ಲಿ ಕಾಣುವುದು ಬೇಡವೆಂದರೆ ಅದನ್ನು ಹೊಸದರ ನಂತರ ಬೇರೆ ಸಾಲಾಗಿ ಸೇರಿಸಿ:

ಪಾರ್ಸರ್.ಆಡ್_ಆರ್ಗ್ಯುಮೆಂಟ್("--ವಿಡ್ತ್", ಡೆಸ್ಟ್="ಮ್ಯಾಕ್ಸ್_ವಿಡ್ತ್", ಟೈಪ್=ಇಂಟ್, ಡಿಫಾಲ್ಟ್=ಆರ್ಗ್‌ಪಾರ್ಸ್.ಸಪ್ರೆಸ್, ಹೆಲ್ಪ್=ಆರ್ಗ್‌ಪಾರ್ಸ್.ಸಪ್ರೆಸ್)

'ಡೆಸ್ಟ್' ಎಂದರೆ ಮೌಲ್ಯ ಯಾವ ಹೆಸರಿನಲ್ಲಿ ಹೋಗಿ ಕೂರಬೇಕು ಎಂಬುದು. ಟೈಪ್ ಮರೆಯಬೇಡಿ, ಮರೆತರೆ ಹಳೆಯ ಹೆಸರಿನಿಂದ ಬಂದ ಮೌಲ್ಯ ಮಾತ್ರ ಸ್ಟ್ರಿಂಗ್ ಆಗಿಯೇ ಉಳಿಯುತ್ತದೆ. ನಿಮ್ಮ ಪೈಥಾನ್ 3.13 ಅಥವಾ ಹೊಸದಾಗಿದ್ದರೆ ಇದೇ ಸಾಲಿಗೆ 'ಡೆಪ್ರಿಕೇಟೆಡ್=ಟ್ರೂ' ಎಂದೂ ಸೇರಿಸಿ; ಹಳೆಯ ಹೆಸರು ಬಳಸಿದವರಿಗೆ ಕೆಲಸ ನಿಲ್ಲದೆ ಒಂದು ಎಚ್ಚರಿಕೆ ಮಾತ್ರ ಕಾಣುತ್ತದೆ.